ಗಿನ್ ರಸ್ತೆಯ ಹದಿನಾಲ್ಕನೇ ಮನೆ

ಲಕೋಟೆಗಳೆಲ್ಲ ಒಂದೇ ತರಹ ಇದ್ದವು. ಉದ್ದನೆಯವು, ಬಿಳಿಯವು, ಮೂಲೆಯಲ್ಲಿ ಪುರಸಭೆಯ ಮುದ್ರೆ. ಒಜೆಲ್ಲಾ ಟಬ್ಸ್ ಎಣಿಸಿದಳು. ನಲವತ್ತೊಂದು. ಟಿಲ್ಡನ್ ಬೆಂಡಿನಲ್ಲಿ ಅರವತ್ತಾರು ವರ್ಷ ಬದುಕಿದ ಹೆಂಗಸಿಗೆ ಅವನ್ನು ಒಡೆದು ಓದಬೇಕಾಗಿರಲಿಲ್ಲ. ಪುರಸಭೆಯವರು ರೈಲು ಹಳಿಯ ಈಚೆಯವರಿಗೆ ಒಂದೇ ದಿನ ನಲವತ್ತೊಂದು ಕಾಗದ ಕಳಿಸಿದ್ದಾರೆ. ಒಳ್ಳೆಯದಕ್ಕಲ್ಲ.

ಹಳಿಯ ಈಚೆ ಮನೆಗಳಿಗೆ ಅಂಚೆಯವನು ಬರುವುದಿಲ್ಲ. ರೈಲು ಹಳಿ ದಾಟಿದ ಕೂಡಲೇ ಸಿಗುವ ಮೊದಲ ಕಟ್ಟಡ ಮೌಂಟ್ ಗಿಲಿಯಡ್ ಚರ್ಚು. ಅದರ ಮುಂದೆ ಒಂದು ತಗಡಿನ ಡಬ್ಬಿ. ಅವನು ಗಾಡಿಯಿಂದ ಇಳಿಯದೆ ಕೈ ಚಾಚಿ, ಎಲ್ಲರ ಕಾಗದವನ್ನೂ ಅದರಲ್ಲಿ ತುರುಕಿ, ಅಲ್ಲಿಂದಲೇ ಗಾಡಿ ತಿರುಗಿಸುತ್ತಾನೆ. ಮುಂದಕ್ಕೆ ರಸ್ತೆ ಇಲ್ಲ ಅನ್ನುತ್ತಾನೆ. ರಸ್ತೆ ಇದೆ. ರಸ್ತೆಯ ಮೇಲೆ ಹೊಲಸು ನೀರು ನಿಂತಿದೆ. ಹಳಿಯ ಆಚೆ ಬಿಳಿಯರ ಮನೆಗಳಿಗೆ ಅದನ್ನು ಎಳೆದುಹಾಕುವ ಹೊಸ ಪಂಪು ಹಾಕಿ ಆರು ವರ್ಷವಾಯಿತು. ಈಚೆ ಕಪ್ಪು ಜನರ ಅಂಗಳದಲ್ಲಿ ಕಕ್ಕಸಿನ ನೀರು ಉಕ್ಕುತ್ತದೆ. ಬಟ್ಟೆ ಒಣಹಾಕಬೇಕಾದರೆ ಹಲಗೆ ಹಾಕಿಕೊಂಡು ಅದರ ಮೇಲೆ ನಡೆಯಬೇಕು.

ಡಬ್ಬಿಯ ಬೀಗದ ಕೈ ಒಜೆಲ್ಲಾಳ ಹತ್ತಿರ. ಶನಿವಾರ ಬಂದು ಕಾಗದ ತೆಗೆದು, ಚರ್ಚಿನೊಳಗೆ ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೋ ಅಲ್ಲಿ ಇಟ್ಟು ಹೋಗುತ್ತಾಳೆ. ಬಾಗಿಲಿನಿಂದ ಮೂರನೆಯದರ ತುದಿ, ಫ್ಯಾಕ್ಟರಿಯಲ್ಲಿ ಅವಳ ಪಕ್ಕ ನಿಲ್ಲುವ ನೆಟ್ಟಿಯದು. ಕಿಟಕಿಯ ಪಕ್ಕದ್ದು ಚರ್ಚಿನ ಹಿರಿಯರಾದ ಡೀಕನ್ ಆಂಬ್ರೋಸ್‌ರದು. ಜಾಗ ಯಾರೂ ಬದಲಾಯಿಸುವುದಿಲ್ಲ. ಅವರ ತಾಯಂದಿರೂ ಅಲ್ಲೇ ಕೂರುತ್ತಿದ್ದರು. ಆ ಶನಿವಾರ ಅವಳು ಒಂದೊಂದೇ ಬೆಂಚಿನ ಮೇಲೆ ಒಂದೊಂದೇ ಲಕೋಟೆ ಇಟ್ಟುಕೊಂಡು ಹೋದಳು. ಕೊನೆಗೆ ನಿಂತು ನೋಡಿದಳು. ಜನ ಇಲ್ಲದ ಚರ್ಚಿನಲ್ಲಿ ಬಿಳಿ ಕಾಗದಗಳೇ ಕೂತಿದ್ದವು. ತನ್ನದನ್ನು ಎದೆಯ ಹತ್ತಿರ ಹಿಡಿದುಕೊಂಡು ಮನೆಗೆ ನಡೆದಳು.

ಭಾನುವಾರ ವರ್ನಿಸ್ ಗೇಟ್ಲಿನ್ ಎದ್ದು ನಿಂತು ಕಾಗದ ಓದಿದಳು. ವರ್ನಿಸ್ ಶಾಲೆಯ ಬಸ್ಸು ಓಡಿಸುತ್ತಾಳೆ. ಮೇಯರ್ ಸ್ಥಾನಕ್ಕೆ ನಿಂತಿದ್ದಾಳೆ. ಹಳಿಯ ಈಚೆಯಿಂದ ಆ ಕುರ್ಚಿಗೆ ಈವರೆಗೆ ಯಾರೂ ಹೋಗಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಹದಿನೇಳು ಓಟಿನಿಂದ ಸೋತಳು.

"ಇಲ್ಲಿ ಬರೆದಿದೆ," ಅಂದಳು ವರ್ನಿಸ್. "ನಾವು ನಲವತ್ತೊಂದು ಜನ ಓಟಿನ ಪಟ್ಟೀಲಿ ಚರ್ಚಿನ ವಿಳಾಸ ಕೊಟ್ಟಿದೀವಂತೆ. ಒಂದು ಚರ್ಚಲ್ಲಿ ನಲವತ್ತೊಂದು ಜನ ವಾಸ ಇರೋಕೆ ಸಾಧ್ಯ ಇಲ್ವಂತೆ. ಮಂಗಳವಾರ ಹತ್ತು ಗಂಟೆಗೆ ಪುರಸಭೆಗೆ ಬಂದು ಎಲ್ಲಿ ಇದೀವಿ ಅಂತ ಸಾಬೀತು ಮಾಡ್ಬೇಕು. ಇಲ್ಲಾಂದ್ರೆ ಹೆಸರು ಹೊಡೀತಾರೆ."

"ದೇವರ ಮನೇಲಿ ಮಲಗ್ತೀವಿ ಅಂತಾರಾ?" ಅಂದಳು ನೆಟ್ಟಿ. "ಈ ಬೆಂಚಿನ ಮೇಲೆ ಮಲಗಿದ್ರೆ ನನ್ನ ಸೊಂಟ ಯಾವತ್ತೋ ಬಿದ್ದುಹೋಗ್ತಿತ್ತು."

"ಉಪದೇಶ ನಡೀವಾಗ ನೀನು ಮಲಗೋದನ್ನ ಊರೇ ನೋಡಿದೆ ಕಣಮ್ಮ," ಅಂದರು ಡೀಕನ್ ಆಂಬ್ರೋಸ್. "ಅವರಿಗೆ ಯಾರೋ ಅದನ್ನೇ ಹೇಳಿರಬೇಕು."

ಜನ ನಕ್ಕರು. ಒಜೆಲ್ಲಾ ನಗಲಿಲ್ಲ. ಅವಳಿಗೆ ನೆನಪಿತ್ತು. ಮದುವೆಯಾಗಿ ಬಂದ ವರ್ಷ ಅವಳು ಪುರಸಭೆಗೆ ಹೋಗಿ ಹೆಸರು ಬರೆಸಿದಾಗ ಗಿನ್ ರಸ್ತೆ, ಹದಿನಾಲ್ಕು ಅಂತಲೇ ಹೇಳಿದ್ದಳು. ಮೇಜಿನ ಹಿಂದಿದ್ದ ಬಿಳಿ ಹೆಂಗಸು ತಲೆಯೆತ್ತದೆ, ಕಾಗದ ಎಲ್ಲಿಗೆ ಬರುತ್ತೋ ಅದನ್ನ ಹೇಳು ಅಂದಿದ್ದಳು. ಚರ್ಚಿಗೆ ಬರುತ್ತೆ ಅಂದಳು. ಆ ಹೆಂಗಸು ಅದನ್ನೇ ಬರೆದಳು. ಆಮೇಲೆ ಹೋದವರೆಲ್ಲರಿಗೂ ಒಜೆಲ್ಲಾಳೇ ಹೇಳಿ ಕಳಿಸಿದಳು. ಚರ್ಚಿನ ವಿಳಾಸ ಕೊಡಿ, ತಕರಾರಿಲ್ಲದೆ ಬರ್ಕೋತಾರೆ ಅಂತ.

"ಹೊಸದಾಗಿ ಬರೆಸೋಣ ಬಿಡು," ಅಂದ ಯಾರೋ ಹಿಂದಿನಿಂದ.

"ಬರೆಸೋ ಗಡುವು ಮೊನ್ನೆ ಶುಕ್ರವಾರ ಮುಗೀತು," ಅಂದಳು ವರ್ನಿಸ್. "ಅದಕ್ಕೇ ಕಾಗದ ಶನಿವಾರ ಬಂದಿರೋದು. ನಗರದ ವಕೀಲೆಗೆ ಫೋನ್ ಮಾಡಿದೆ. ಗುರುವಾರ ಬರ್ತಾರಂತೆ. ಇವರು ಮಂಗಳವಾರ ಇಟ್ಕೊಂಡಿದಾರೆ."

ಕಿಟಕಿಯ ಹತ್ತಿರ ಕೂತ ಆಂಬ್ರೋಸ್ ಹೊರಗೆ ನೋಡುತ್ತಿದ್ದರು. ರಸ್ತೆಯ ಆ ಬದಿಯಲ್ಲಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಾರು ನಿಂತಿತ್ತು. ಎಂಜಿನ್ ಓಡುತ್ತಿತ್ತು. ಒಳಗಿನವನು ಗಾಜು ಇಳಿಸಿಕೊಂಡು, ಚರ್ಚಿನ ಮುಂದೆ ನಿಂತ ಒಂದೊಂದು ಗಾಡಿಯ ನಂಬರನ್ನೂ ನೋಡಿ ನೋಡಿ ಬರೆದುಕೊಳ್ಳುತ್ತಿದ್ದ. ಪ್ರಾರ್ಥನೆ ಮುಗಿದು ಕೊನೆಯ ಗಾಡಿ ಹೋಗುವವರೆಗೂ ಅವನು ಕದಲಲಿಲ್ಲ.

ಸೋಮವಾರ ಒಜೆಲ್ಲಾ ಮೀನಿನ ಫ್ಯಾಕ್ಟರಿಯಲ್ಲಿದ್ದಳು. ಇಪ್ಪತ್ತೆಂಟು ವರ್ಷದಿಂದ ಅಲ್ಲೇ. ಮೀಸೆಯ ಮೀನು ಬೆಲ್ಟಿನ ಮೇಲೆ ಬರುತ್ತದೆ, ತಲೆ ಕತ್ತರಿಸಿಕೊಂಡು, ಚರ್ಮ ಸುಲಿಸಿಕೊಂಡು. ಚಾಕು ಬೆನ್ನುಮೂಳೆಯ ಉದ್ದಕ್ಕೂ ಇಳಿಯಬೇಕು. ಒಂದು ಸೀಳು, ತಿರುಗಿಸು, ಇನ್ನೊಂದು ಸೀಳು. ನಿಮಿಷಕ್ಕೆ ಹತ್ತು. ಕಾಲ ಕೆಳಗೆ ಮಂಜುಗಡ್ಡೆಯ ನೀರು ಮತ್ತು ರಕ್ತ. ರಬ್ಬರ್ ಬೂಟಿನೊಳಗೆ ಬೆರಳು ಮರಗಟ್ಟಿಹೋಗಿರುತ್ತದೆ. ಬೆಳಿಗ್ಗೆ ಏಳುವಾಗ ಬಲಗೈ ಮುಷ್ಟಿ ಕಟ್ಟಿರುತ್ತದೆ. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕು. ಕಕ್ಕಸಿಗೆ ಹೋಗಬೇಕಾದರೆ ಕೈ ಎತ್ತಬೇಕು. ಸೂಪರ್‌ವೈಸರ್ ನೋಡುತ್ತಾನೆ. ನೋಡದೆಯೂ ಇರುತ್ತಾನೆ. ಈ ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಒಮ್ಮೆಯಾದರೂ ನಿಂತಲ್ಲೇ ಒದ್ದೆಯಾಗದವಳು ಇಲ್ಲ. ಅದನ್ನು ಯಾರೂ ಮಾತಾಡುವುದಿಲ್ಲ.

ಹೇಳದೆ ಸಾಲು ಬಿಟ್ಟು ಹೋದರೆ ಹಾಜರಿಯಲ್ಲಿ ಕೆಂಪು ಗೆರೆ. ಮೂರನೇ ಗೆರೆಗೆ ಕೆಲಸ ಹೋಯಿತು. ಒಜೆಲ್ಲಾಳಿಗೆ ಎರಡಾಗಿತ್ತು. ಒಂದು ತಂಗಿಯ ಮಣ್ಣಿಗೆ ಹೋದಾಗ. ಇನ್ನೊಂದು, ಚಾಕು ಹೆಬ್ಬೆರಳ ಬುಡಕ್ಕೆ ಹೋದಾಗ.

ಊಟದ ಹೊತ್ತಿಗೆ ಅವಳು ಸೂಪರ್‌ವೈಸರ್ ಡೇಲ್‌ನ ಹತ್ತಿರ ಹೋದಳು. ಮೂವತ್ತು ದಾಟಿದವನಲ್ಲ.

"ನಾಳೆ ಬೆಳಿಗ್ಗೆ ಎರಡು ಗಂಟೆ ಬಿಡುವು ಬೇಕು, ಮಿಸ್ಟರ್ ಡೇಲ್."

"ಆಗಲ್ಲ, ಒಜೆಲ್ಲಾ."

"ಯಾಕೆ ಅಂತ ಕೇಳಲಿಲ್ಲ ನೀವು."

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. ಒಂಬತ್ತು ಹೆಸರಿದ್ದವು. ಒಂಬತ್ತೂ ಈ ಸಾಲಿನ ಹೆಂಗಸರವು, ಒಂಬತ್ತೂ ಲಕೋಟೆ ಬಂದವರವು. "ಆಫೀಸಿಂದ ಬಂತು. ಈ ಒಂಬತ್ತು ಜನಕ್ಕೆ ನಾಳೆ ರಜೆ ಇಲ್ಲ. ನನ್ನನ್ನ ಕೇಳಬೇಡ. ನಾನು ಬರೆದಿದ್ದಲ್ಲ."

ಓಟಿನ ಕಾಗದ ಫ್ಯಾಕ್ಟರಿಯ ಆಫೀಸಿಗೆ ಹೇಗೆ ಬಂತು? ಒಜೆಲ್ಲಾ ವಾಪಸ್ ಬಂದು ಕೈಗವಸು ಏರಿಸಿಕೊಂಡಳು. ಪಕ್ಕದಲ್ಲಿ ನೆಟ್ಟಿ.

"ಏನಂದ ಆ ಎಳೆ ಕರು?"

"ಪಟ್ಟಿ ಇಟ್ಕೊಂಡಿದಾನೆ. ನೀನೂ ಇದೀಯ."

ನೆಟ್ಟಿಯ ಚಾಕು ಒಂದು ಗಳಿಗೆ ನಿಂತಿತು. ಮೀನು ದಾಟಿಹೋಯಿತು. "ನಾನು ಇಂಥ ಪಟ್ಟೀಲೆಲ್ಲಾ ಇರ್ತೀನಿ ನೋಡಕ್ಕ. ಬೋನಸ್ ಪಟ್ಟಿಗೆ ಮಾತ್ರ ನನ್ನ ಹೆಸರು ಬರೆಯೋಕೆ ಇವರಿಗೆ ಬರಲ್ಲ."

ಮಂಗಳವಾರ ಒಂಬತ್ತೂವರೆ. ಗಡಿಯಾರ ಬೆಲ್ಟಿನ ಎದುರು ಗೋಡೆಯಲ್ಲೇ ಇದೆ. ಒಜೆಲ್ಲಾ ಕೈಯಲ್ಲಿದ್ದ ಮೀನನ್ನು ಪೂರ್ತಿ ಸೀಳಿ ಮುಗಿಸಿದಳು. ಅರ್ಧ ಬಿಡುವುದು ಅವಳಿಗೆ ಬರುವುದಿಲ್ಲ. ಚಾಕು ತೊಳೆದಳು. ಹಲಗೆಯ ಮೇಲಿಟ್ಟಳು. ಏಪ್ರನ್ ಬಿಚ್ಚಿದಳು. ಡೇಲ್ ಆ ತುದಿಯಿಂದ ಕೂಗಿದ.

"ಒಜೆಲ್ಲಾ! ಏನು ಮಾಡ್ತಿದೀಯ?"

"ಹೋಗ್ತಿದೀನಿ."

"ಹೋದರೆ ವಾಪಸ್ ಬರೋದು ಬೇಡ."

"ಗೊತ್ತು ಕಣಪ್ಪ."

ಅಷ್ಟೇ ಮಾತು. ಅವಳು ತಿರುಗಿ ನೋಡಲಿಲ್ಲ. ಹಿಂದೆ ಚಾಕು ಇಡುವ ಸದ್ದು ಕೇಳಿಸಿತು. ಇನ್ನೊಂದು. ಇನ್ನೊಂದು. ಹೊರಗಿನ ಬಿಸಿಲಿಗೆ ಬಂದಾಗ ಅವಳೂ ಸೇರಿ ಐದು ಜನ ಇದ್ದರು. ನಾಲ್ಕು ಜನ ಒಳಗೇ ಉಳಿದರು. ಅವರಿಗೆ ಎಳೆಯ ಮಕ್ಕಳಿದ್ದವು. ಒಜೆಲ್ಲಾ ಅವರನ್ನು ಆಗಲೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ.

ಪುರಸಭೆಯ ಮುಂದೆ ಏಳು ಮೆಟ್ಟಿಲು. ಅವಳಿಗೆ ಏಳು ವರ್ಷವಿದ್ದಾಗ ಅವಳ ಅಪ್ಪ ಎಲಿಜಾ ಇದೇ ಮೆಟ್ಟಿಲು ಹತ್ತಿ ಓಟಿಗೆ ಹೆಸರು ಕೊಡಲು ಹೋಗಿದ್ದ. ಒಗೆದ ಅಂಗಿ ಹಾಕಿಕೊಂಡು, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು. ಅವರ ಮನೆಯಿದ್ದ ಹತ್ತಿಯ ಹೊಲದ ಯಜಮಾನನಿಗೆ ಅವನು ಮನೆ ಸೇರುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಮಾರನೆಯ ದಿನ ಬೆಳಿಗ್ಗೆ ಅವರ ಹಾಸಿಗೆ, ಒಲೆ, ಬಟ್ಟೆಯ ಪೆಟ್ಟಿಗೆ ಎಲ್ಲ ರಸ್ತೆಯಲ್ಲಿದ್ದವು. ಅಮ್ಮ ಪೆಟ್ಟಿಗೆಯ ಮೇಲೆ ಕೂತಿದ್ದಳು. ಅಪ್ಪ ಟೊಪ್ಪಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಇದು ಒಜೆಲ್ಲಾ ಮರೆಯದ ಸಂಗತಿ. ಮೆಟ್ಟಿಲು ಹತ್ತಿದಳು.

ಒಳಗೆ ಎತ್ತರದ ಮೇಜಿನ ಹಿಂದೆ ಮೂವರು. ನಡುವೆ ಹಾಯ್ಟ್ ಲೆಡ್‌ಬೆಟರ್. ಊರ ಚುನಾವಣಾ ಮಂಡಳಿಯ ಅಧ್ಯಕ್ಷ. ಹಿಂಡಿ, ಬೀಜ ಮಾರುವ ಅಂಗಡಿ ಅವನದು. ಈಗಿನ ಮೇಯರ್‌ನ ತಂಗಿಯನ್ನು ಮದುವೆಯಾಗಿದ್ದಾನೆ. ಪಕ್ಕದಲ್ಲಿ ಓಟಿನ ಪಟ್ಟಿ ಇಟ್ಟುಕೊಂಡು ಹೊಸದಾಗಿ ಸೇರಿದ ಗುಮಾಸ್ತೆ ಟ್ಯಾಮಿ. ಬಾಗಿಲಲ್ಲಿ ಇಬ್ಬರು ಪೊಲೀಸರು. ಒಂದು ಚರ್ಚಿನ ಕಾಗದದ ವಿಚಾರಣೆಗೆ ಇಬ್ಬರು ಯಾಕೆ ಅಂತ ಯಾರೂ ಕೇಳಲಿಲ್ಲ.

ಹಳಿಯ ಈಚೆಯಿಂದ ಇಪ್ಪತ್ಮೂರು ಜನ ಬಂದಿದ್ದರು. ಲೆಡ್‌ಬೆಟರ್ ಮೊದಲು ಬಾರದವರ ಹೆಸರು ಕೂಗಿದ. ಒಂದೊಂದು ಹೆಸರನ್ನೂ ಮೂರು ಸಲ. ಉತ್ತರವಿಲ್ಲ. ಟ್ಯಾಮಿ ಅಡಿಕೋಲು ಇಟ್ಟು ಗೆರೆ ಎಳೆದಳು. ಹದಿನೆಂಟು ಸಲ ಆ ಗೆರೆಯ ಸದ್ದು. ಮೀನಿನ ಸಾಲಿನಲ್ಲಿ ಉಳಿದ ನಾಲ್ವರದ್ದೂ ಅದರಲ್ಲಿತ್ತು. ಹಿಂದೆ ಗೋಡೆಗೆ ಒರಗಿದ್ದ ವರ್ನಿಸ್ ಬೆರಳು ಮಡಿಸಿ ಎಣಿಸುತ್ತಿದ್ದವಳು ತಾನು ಸೋತ ಆ ಹದಿನೇಳಕ್ಕೆ ನಿಲ್ಲಿಸಿದಳು.

"ಒಜೆಲ್ಲಾ ಟಬ್ಸ್."

ಅವಳು ಮುಂದೆ ಹೋದಳು. ಮೈಯಿಂದ ಮೀನಿನ ವಾಸನೆ. ಮಂಡಳಿಯ ಒಬ್ಬ ಕರ್ಚೀಫು ಮೂಗಿಗೆ ಹಿಡಿದ. ಕೂರು ಅಂತ ಯಾರೂ ಅನ್ನಲಿಲ್ಲ.

"ಚರ್ಚಲ್ಲಿ ವಾಸ ಇದೀಯಾ, ಒಜೆಲ್ಲಾ?"

"ಇಲ್ಲ. ಗಿನ್ ರಸ್ತೆ, ಹದಿನಾಲ್ಕು. ಚರ್ಚಿನ ವಿಳಾಸ ಬರೆದಿದ್ದು ಇದೇ ಆಫೀಸಿನವರು."

"ಮನೆ ಪತ್ರ ಇದೆಯಾ?"

"ನನ್ನ ಅತ್ತೆಯ ತಂದೆ ಹೆಸರಲ್ಲಿದೆ. ನಮ್ಮಲ್ಲಿ ಯಾರೂ ಹೆಸರು ಬದಲಾಯಿಸೋಕೆ ಹೋಗಲ್ಲ. ಹೋದವರ ಮನೆಗಳು ಹೇಗೆ ಕೈಬಿಟ್ಟು ಹೋದವು ಅಂತ ನಿಮಗೂ ಗೊತ್ತು."

"ಹಾಗಾದರೆ ಪತ್ರ ಇಲ್ಲ."

ಅವಳು ಚೀಲದಿಂದ ಕರೆಂಟಿನ ಬಿಲ್ಲು ತೆಗೆದಿಟ್ಟಳು. ಮೀನಿನ ನೀರಿಗೆ ಮೂಲೆ ಒದ್ದೆಯಾಗಿತ್ತು. ಲೆಡ್‌ಬೆಟರ್ ಅದನ್ನು ಬೆರಳ ತುದಿಯಿಂದ ಎಳೆದುಕೊಂಡು ಓದಿದ.

"ಇದರಲ್ಲಿ ಹೋರೇಸ್ ಟಬ್ಸ್ ಅಂತಿದೆ."

"ನನ್ನ ಗಂಡ. ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಮೀಟರು ಅವನ ಹೆಸರಲ್ಲೇ ಇದೆ."

"ಈ ಕಾಗದದ ಪ್ರಕಾರ ಆ ಮನೇಲಿರೋದು ಹೋರೇಸ್. ನೀನಲ್ಲ."

"ಹೋರೇಸ್ ಇರೋದು ಚರ್ಚಿನ ಹಿಂದಿನ ಸ್ಮಶಾನದಲ್ಲಿ."

ಹಿಂದಿನಿಂದ ಯಾರೋ ಆಮೆನ್ ಅಂದರು. ಟ್ಯಾಮಿ ಹೊಸಬಳು. ಕೆಲಸದ ಉತ್ಸಾಹ. ಯಾರೂ ಕೇಳದೆಯೇ ಪಟ್ಟಿ ಮಗುಚಿ ಬೆರಳಿಟ್ಟಳು. "ಸಾರ್, ಹೋರೇಸ್ ಟಬ್ಸ್ ಪಟ್ಟೀಲಿದಾರೆ. ಗಿನ್ ರಸ್ತೆ, ಹದಿನಾಲ್ಕು. ಅವರ ಮೇಲೆ ಆಕ್ಷೇಪಣೆ ಏನೂ ಇಲ್ಲ."

ಇದ್ದಿದ್ದು ನಿಜ. ಹೋರೇಸ್ ಹೆಸರು ಬರೆಸಿದ್ದು, ಕಪ್ಪು ಜನರನ್ನು ಓಟಿನ ಪಟ್ಟಿಗೆ ಸೇರಿಸಲು ವಾಷಿಂಗ್ಟನ್ನಿನಿಂದ ಅಧಿಕಾರಿಗಳು ಬಂದ ವರ್ಷ. ಅವರು ಮನೆಯ ಮುಂದೆಯೇ ನಿಂತು ಬರೆದುಕೊಂಡಿದ್ದರು.

"ಸಾಕು ಟ್ಯಾಮಿ," ಅಂದ ಲೆಡ್‌ಬೆಟರ್.

"ಯಾವಾಗ ಕೊನೇ ಸಲ ಓಟು ಹಾಕಿದ ಅಂತಾನೂ ಅದರಲ್ಲಿ ಇರುತ್ತಲ್ಲಮ್ಮ," ಅಂದಳು ಒಜೆಲ್ಲಾ. "ಓದು."

ಹುಡುಗಿಗೆ ನಿಲ್ಲಿಸಲು ಹೊಳೆಯಲಿಲ್ಲ. "ನಾಲ್ಕು ವರ್ಷದ ಹಿಂದೆ. ಮೇಯರ್ ಚುನಾವಣೆ. ಅಂಚೆ ಮೂಲಕ." ಓದಿದ ಮೇಲೆ ಅವಳ ಕತ್ತು ಕೆಂಪಾಯಿತು.

"ಅಯ್ಯೋ ಹೋರೇಸ್!" ಅಂದಳು ನೆಟ್ಟಿ. "ಬದುಕಿದ್ದಾಗ ಹೆಂಡತಿಗೆ ಒಂದು ಕಾಗದ ಬರೀಲಿಲ್ಲ, ಸತ್ತು ಏಳು ವರ್ಷಕ್ಕೆ ಪೋಸ್ಟಲ್ಲಿ ಓಟು ಹಾಕಿದಾನೆ!"

ಇಡೀ ಕೋಣೆ ನಕ್ಕಿತು. ಬಾಗಿಲಲ್ಲಿದ್ದ ಒಬ್ಬ ಪೊಲೀಸಿನವನ ತುಟಿಯೂ ಅಲುಗಿತು. ಲೆಡ್‌ಬೆಟರ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನಗು ತಾನಾಗಿ ಇಳಿಯುವವರೆಗೆ ಕಾದ.

"ಸತ್ತವನ ಓಟು ಹಾಕೋದು ಅಪರಾಧ," ಅಂದ ಅವನು ಮೆತ್ತಗೆ. "ಐದು ವರ್ಷ ಜೈಲು. ಯಾರೋ ಹಾಕಿದಾರೆ. ಆ ಮನೆಯ ಹೆಸರಲ್ಲಿ ಹಾಕಿದಾರೆ. ಆ ಮನೇಲಿ ಯಾರು ಯಾರು ಇದಾರೆ, ಒಜೆಲ್ಲಾ?"

ಅವನು ಒಂದು ಕಾಗದವನ್ನು ಮೇಜಿನ ಈ ಬದಿಗೆ ಸರಿಸಿದ, ಮೇಲೊಂದು ಪೆನ್ನು ಇಟ್ಟ. "ವಯಸ್ಸಾಗಿದೆ ನಿನಗೆ. ತೊಂದರೆ ಕೊಡೋ ಆಸೆ ನನಗಿಲ್ಲ. ಆ ಮನೇಲಿ ನೀನು ಇಲ್ಲ ಅಂತ ಇದರಲ್ಲಿದೆ. ಹೆಸರು ನೀನಾಗೇ ವಾಪಸ್ ತಗೊಂಡ ಹಾಗೆ. ಸಹಿ ಹಾಕಿ ಹೋಗಿಬಿಡು. ಅಲ್ಲಿ ಇಲ್ಲದವಳನ್ನ ಯಾರೂ ಏನೂ ಕೇಳೋಹಾಗಿಲ್ಲ."

ಒಜೆಲ್ಲಾ ಪೆನ್ನು ನೋಡಿದಳು. ಆ ಮನೆಯಲ್ಲಿ ಇದ್ದೇನೆ ಅಂದರೆ ಕಳ್ಳಿ. ಇಲ್ಲ ಅಂದರೆ ಓಟಿಲ್ಲ. ಎಷ್ಟು ದಿನ ಕೂತು ಹೆಣೆದಿದ್ದರೋ. ವರ್ನಿಸ್ ಸೋತ ಆ ಹದಿನೇಳು ಓಟಿನಲ್ಲಿ ಇನ್ನೂ ಎಷ್ಟು ಜನ ಸತ್ತವರು ಓಟು ಹಾಕಿದ್ದರೋ. ಒಂದು ಗಳಿಗೆ ಅವಳಿಗೆ ತನ್ನ ಹಾಸಿಗೆ, ಒಲೆ, ಮಳೆಗೆ ಸೋರುವ ಅಡುಗೆಕೋಣೆಯ ಮೂಲೆ ಕಣ್ಣ ಮುಂದೆ ಬಂದವು. ಪೆನ್ನನ್ನು ಎತ್ತಿಕೊಂಡಳು. ಟ್ಯಾಮಿಯ ಮುಂದೆ ಇಟ್ಟಳು.

"ನೀನು ಬರ್ಕೊಳ್ಳಮ್ಮ. ನಾನು ಹೇಳ್ತೀನಿ. ಒಜೆಲ್ಲಾ ಟಬ್ಸ್. ಗಿನ್ ರಸ್ತೆ, ಹದಿನಾಲ್ಕು. ನಲವತ್ಮೂರು ವರ್ಷದಿಂದ ಅಲ್ಲೇ ಇದೀನಿ. ಹನ್ನೊಂದು ವರ್ಷದಿಂದ ಒಬ್ಬಳೇ ಇದೀನಿ."

"ಯೋಚನೆ ಮಾಡು," ಅಂದ ಲೆಡ್‌ಬೆಟರ್. "ಇದನ್ನ ಪೊಲೀಸಿನವರೂ ಕೇಳಿಸ್ಕೊಂಡಿದಾರೆ."

"ಕೇಳಿಸ್ಕೊಳ್ಳಲಿ. ಇನ್ನೂ ಒಂದು ಬರ್ಕೊ. ಗಿನ್ ರಸ್ತೆಗೆ ಅಂಚೆಯವನು ಬರಲ್ಲ. ಈ ಊರು ಹುಟ್ಟಿದಾಗಿಂದ ಬಂದಿಲ್ಲ. ಅಂಚೇಲಿ ಬರೋ ಓಟಿನ ಲಕೋಟೆ ನನ್ನ ಮನೆಗೆ ಬಂದಿಲ್ಲ. ಚರ್ಚಿನ ಡಬ್ಬೀಗೂ ಬಂದಿಲ್ಲ, ಅದರ ಬೀಗದ ಕೈ ನನ್ನ ಹತ್ತಿರ ಇದೆ. ಅಂಚೆಯವನು ಹೋಗದ ಮನೆಗೆ ಕಳಿಸಿದ ಲಕೋಟೆ ವಾಪಸ್ ಈ ಆಫೀಸಿಗೇ ಬರುತ್ತೆ. ಇಲ್ಲಿ ಅದು ಯಾರ ಕೈಗೆ ಬಂತು? ಅದನ್ನ ಕೇಳ್ತಿದೀನಿ ಅಂತ ಬರ್ಕೊ."

ಟ್ಯಾಮಿ ಬರೆದಳೋ ಇಲ್ಲವೋ ಕಾಣಿಸಲಿಲ್ಲ. ಕರ್ಚೀಫಿನವನು ಲೆಡ್‌ಬೆಟರ್‌ನ ಕಿವಿಯಲ್ಲಿ ಏನೋ ಹೇಳಿದ. ಲೆಡ್‌ಬೆಟರ್ ತಲೆಯಾಡಿಸಿ ಮುಂದಿನ ಹೆಸರು ಕೂಗಿದ.

"ನೆಟ್ಟಿ ಶಾ."

ನೆಟ್ಟಿ ಎದ್ದಳು. ಆ ದಿನ ಮೊದಲ ಸಲ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ. ಅದೇ ಕಾಗದ, ಇನ್ನೊಂದು ಪೆನ್ನು. "ಗಿನ್ ರಸ್ತೆ, ಒಂಬತ್ತು," ಅಂದಳು. "ನಮ್ಮಮ್ಮನೂ ನಿಮ್ಮ ಪಟ್ಟೀಲಿ ಬದುಕಿದಾಳಾ ನೋಡಿ. ನಾನು ಸಹಿ ಹಾಕಲ್ಲ." ಡೀಕನ್ ಆಂಬ್ರೋಸ್ ಕೋಲೂರಿಕೊಂಡು ಹೋದರು. ಸಹಿ ಹಾಕಲಿಲ್ಲ. ಮಧ್ಯಾಹ್ನದವರೆಗೂ ಹೆಸರು ಕೂಗಿದರು. ಒಬ್ಬರಾದ ಮೇಲೆ ಒಬ್ಬರು ಎದ್ದು, ತಮ್ಮ ಮನೆಯ ನಂಬರು ಹೇಳಿ, ಪೆನ್ನು ಮುಟ್ಟದೆ ವಾಪಸ್ ಬಂದು ಕೂತರು. ಬಾಗಿಲಲ್ಲಿದ್ದ ಪೊಲೀಸಿನವನು ಆ ನಂಬರುಗಳನ್ನೆಲ್ಲ ಬರೆದುಕೊಂಡ.

"ಮಂಡಳಿ ತೀರ್ಮಾನ ಆಮೇಲೆ ತಿಳಿಸುತ್ತೆ," ಅಂದ ಲೆಡ್‌ಬೆಟರ್. ಕುರ್ಚಿ ಸರಿಸಿ ಒಳಗೆ ಹೋದ.

ಹೊರಗೆ ಸುಡು ಬಿಸಿಲು. ಮೆಟ್ಟಿಲ ಕೆಳಗೆ ಶೆರಿಫ್‌ನ ಎರಡು ಕಾರುಗಳು. ಮುಂದಿನದರ ಹಿಂಬಾಗಿಲು ಆಗಲೇ ತೆರೆದಿತ್ತು. ಅದರ ಹತ್ತಿರ ನಿಂತ ಪೊಲೀಸಿನವನ ಕೈಯಲ್ಲಿ ಟೈಪು ಮಾಡಿದ ಹಾಳೆ.

"ಒಜೆಲ್ಲಾ ಟಬ್ಸ್? ನಿನ್ನ ಮೇಲೆ ವಾರಂಟ್ ಇದೆ. ಗಂಡನ ಹೆಸರಲ್ಲಿ ಓಟು ಹಾಕಿದ್ದಕ್ಕೆ."

ವರ್ನಿಸ್ ಅಡ್ಡ ಬಂದಳು. ಒಜೆಲ್ಲಾ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಗಟ್ಟಿಯಾಗಿ ಓದಪ್ಪ. ನನಗೆ ಕಿವಿ ಮಂದ."

ಕಿವಿ ಚೆನ್ನಾಗಿಯೇ ಇತ್ತು. ಅವನು ಓದಿದ. ನ್ಯಾಯಾಧೀಶರ ರುಜು ಬೆಳಿಗ್ಗೆ ಎಂಟು ಗಂಟೆಯದು, ವಿಚಾರಣೆಗೆ ಎರಡು ಗಂಟೆ ಮುಂಚಿನದು. ಆಗ ಅವಳ ಕೈಯಲ್ಲಿ ಮೀನಿತ್ತು.

"ಯಾರನ್ನ ಹಿಡೀಬೇಕು ಅಂತಿದೆ? ಎಲ್ಲಿರೋಳನ್ನ?"

"ಒಜೆಲ್ಲಾ ಟಬ್ಸ್," ಅಂತ ಅವನು ಮತ್ತೆ ಓದಿದ, "ವಾಸ ಗಿನ್ ರಸ್ತೆ, ಹದಿನಾ..." ಅಲ್ಲಿಗೆ ಬಂದಾಗ ಅವನ ದನಿ ಇಳಿಯಿತು.

"ಪೂರ್ತಿ ಓದು."

"ಹದಿನಾಲ್ಕು."

"ಬರ್ಕೊ ವರ್ನಿಸ್," ಅಂದಳು ಒಜೆಲ್ಲಾ. "ಅವನು ಓದಿದ್ದು ಓದಿದ ಹಾಗೇ. ಗಂಟೆಯೂ ಬರಿ. ಗುರುವಾರ ಆ ವಕೀಲಮ್ಮನಿಗೆ ಕೊಡು."

ವರ್ನಿಸ್ ಲಕೋಟೆಯ ಬೆನ್ನ ಮೇಲೆ ಬರೆದಳು. ಕೆಳಗೆ ನೆಟ್ಟಿ ಸಹಿ ಹಾಕಿದಳು. ಆಂಬ್ರೋಸ್ ಹಾಕಿದರು. ಮೆಟ್ಟಿಲ ಮೇಲೆ ಸಾಲು ನಿಂತಿತು. ಒಬ್ಬರ ಬೆನ್ನ ಮೇಲೆ ಕಾಗದ ಇಟ್ಟು ಇನ್ನೊಬ್ಬರು ಹಾಕಿದರು. ಇಪ್ಪತ್ತೆರಡು ಸಹಿ. ಅದು ಮುಗಿಯುವವರೆಗೆ ಒಜೆಲ್ಲಾ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಆಮೇಲೆ ತಾನೇ ಒಳಗೆ ಕೂತಳು.

ಬಾಗಿಲು ಹಾಕಿಕೊಂಡಿತು. ಆಗ ಎರಡನೇ ಪೊಲೀಸಿನವನು ಹಿಂದಿನ ಕಾರಿನ ಹತ್ತಿರ ಹೋಗಿ, ಅದರ ಹಿಂಬಾಗಿಲನ್ನೂ ತೆರೆದ. ಜೇಬಿನಿಂದ ಇನ್ನೊಂದು ಹಾಳೆ ತೆಗೆದ. ಸಾಲಿನಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ.

ಯಾರೂ ಸಾಲು ಬಿಟ್ಟು ಹೋಗಲಿಲ್ಲ.